ಬಿಸಿಲಲ್ಲಿ ಮೇಲಕ್ಕೆದ್ದ ಕೂಗು

ಅಣೆಕಟ್ಟಿನ ಸೈರನ್ ಒತ್ತುವವನಿಗೆ ಊರವರು ಇಟ್ಟ ಹೆಸರು ಕೂಗುಮಾರಿ. ದಿನಾ ಬೆಳಿಗ್ಗೆ ಆರಕ್ಕೆ, ಊರಿಗೆ ಊರೇ ಕಂಬಳಿಯೊಳಗೆ ಮುದುರಿಕೊಂಡಿರುವಾಗ, ಪರೀಕ್ಷೆಗೆಂದು ಒಂದು ಸಲ ಸೈರನ್ ಕೂಗಿಸುವುದು ಅವನ ಕೆಲಸ. ಹೊಳೆಯ ಮೈಯುದ್ದಕ್ಕೂ ಆ ಕೂಗು ಜಾರಿಕೊಂಡು ಹೋಗಿ, ಕೆಳಗಿನ ಬೀದಿಗಳಲ್ಲಿ ಒಂದೊಂದು ಬಾಗಿಲನ್ನೂ ತಟ್ಟಿ ಬರುತ್ತಿತ್ತು. ಎಚ್ಚರವಾಗದ ಮನೆ ಇರಲಿಲ್ಲ, ಬೈಯದ ಮನೆಯೂ ಇರಲಿಲ್ಲ. ಬೈದಷ್ಟೂ ಅವನಿಗೆ ಖುಷಿ. ಬೈಯುತ್ತಾರೆ ಎಂದರೆ ಕೇಳಿಸಿದೆ ಎಂದಲ್ಲವೇ.

ಹುಟ್ಟಿದ್ದು ಬಟ್ಟೆ ಒಗೆಯುವ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಬೇಗ ಕಣ್ಣು ಮುಚ್ಚಿದರು. ಸಾಕಿದವರು ಅಣ್ಣ, ಅತ್ತಿಗೆ. ಅತ್ತಿಗೆ ಮದುವೆಯಾಗಿ ಬಂದಾಗ ಅವಳಿಗೇ ಇನ್ನೂ ಆಡುವ ವಯಸ್ಸು, ಆದರೂ ಮೈದುನನ ಮೂಗು ಒರೆಸಿ, ತಲೆ ಬಾಚಿ ಶಾಲೆಗೆ ಕಳಿಸಿದಳು. ಶಾಲೆ ಅವನಿಗೆ ಒಗ್ಗಲಿಲ್ಲ. ಒಗೆಯುವುದೂ ಒಗ್ಗಲಿಲ್ಲ, ಬ್ಲೀಚಿಂಗ್ ಪುಡಿ ಸೋಕಿದರೆ ಸಾಕು, ಬೆರಳ ಸಂದಿಯೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು. ಕೊನೆಗೆ ಅಣೆಕಟ್ಟಿನಲ್ಲಿ ಗೇಟಿನ ಸರಪಳಿಗೆ ಗ್ರೀಸ್ ಹಚ್ಚುವ ಕೂಲಿಗೆ ಸೇರಿಕೊಂಡ. ಈ ದಡದಿಂದ ಆ ದಡಕ್ಕೆ ಕೇಳುವಂತೆ ಅವನು ಮಾತಾಡುವುದನ್ನು ಕಂಡ ಹಳೆಯ ಸಾಹೇಬರೊಬ್ಬರು ತಮಾಷೆಗೋ ನಿಜಕ್ಕೋ ಸೈರನ್ ಕೋಣೆಯ ಕೀಲಿ ಅವನ ಕೈಗೆ ಕೊಟ್ಟರು. 'ನಮ್ಮ ಮನೇಲಿ ದುಡಿಯೋ ಕೈಗೆ ಸಂಬಳ ಇಲ್ಲ, ಬಾಯಿಗೆ ಮಾತ್ರ ಇದೆ' ಎಂದು ಅಣ್ಣ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತಿದ್ದದ್ದೂ ನಿಜ. ಮದುವೆಯಾದ ಮೇಲೆ ತಮ್ಮ ಹತ್ತಿರದಲ್ಲೇ ಬೇರೆ ಮನೆ ಮಾಡಿಕೊಂಡಿದ್ದ.

ಸೈರನ್ ಕೋಣೆ ಅಣೆಕಟ್ಟಿನ ಬಲ ತುದಿಯಲ್ಲಿ, ನೆಲದಿಂದ ಬಹಳ ಎತ್ತರದಲ್ಲಿದೆ. ಒಂದು ಕುರ್ಚಿ, ಒಂದು ಫೋನು, ಗೋಡೆಯಲ್ಲೊಂದು ಕೆಂಪು ಗುಂಡಿ. ಕಿಟಕಿಯಿಂದ ನೋಡಿದರೆ ಹೊಳೆಯ ಪಾತ್ರ ದೂರದವರೆಗೂ ಬಯಲಾಗಿ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಒಂದು ಮಗ್ಗುಲಿಗೆ ಸೊರಗಿ, ಉಳಿದದ್ದೆಲ್ಲ ಮರಳು ಮತ್ತು ಬಂಡೆ. ಆ ಬಂಡೆಗಳ ನಡುವೆ ಅಣ್ಣ ಅತ್ತಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ, ಲಾಡ್ಜಿನ ಹೊದಿಕೆ ಒಗೆದು ಹರಡುತ್ತಿದ್ದರು. ಇಲ್ಲಿಂದ ನೋಡಿದರೆ ಅವು ಬಿಳಿ ಚುಕ್ಕೆಗಳು. ಅವುಗಳ ನಡುವೆ ಓಡಾಡುವ ಎರಡು ಕರಿ ಚುಕ್ಕೆಗಳನ್ನು ಕಂಡರೆ ಇವನಿಗೆ ನೆಮ್ಮದಿ. ಅಣ್ಣ ಬೀಡಿಗೆ ಕೂತನೋ ಅತ್ತಿಗೆ ಬುತ್ತಿ ಬಿಚ್ಚಿದಳೋ ಎಂಬುದನ್ನು ಚುಕ್ಕೆ ನಿಂತ ಜಾಗದಿಂದಲೇ ಹೇಳಿಬಿಡುತ್ತಿದ್ದ.

ಗೇಟು ತೆಗೆಯುವುದೇನಿದ್ದರೂ ಮಳೆಗಾಲದಲ್ಲಿ. ಆಗ ಹೊಳೆಯಲ್ಲಿ ಯಾರೂ ಇಳಿಯುವುದಿಲ್ಲ, ಸೈರನ್ ಕೂಗಿದರೆಷ್ಟು ಬಿಟ್ಟರೆಷ್ಟು. ಬೇಸಿಗೆಯಲ್ಲಿ ಗೇಟಿಗೆ ರಜೆ. ಹೀಗಾಗಿ ಸುಡುಬಿಸಿಲಿನ ಮಧ್ಯಾಹ್ನ ಆ ಸೈರನ್ ಎಷ್ಟು ದೂರ ಕೇಳುತ್ತದೆ ಎಂದು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪರೀಕ್ಷೆ ಬೆಳಿಗ್ಗೆ ಆರಕ್ಕೆ ಎಂದು ಯಾವನೋ ಯಾವಾಗಲೋ ಬರೆದಿಟ್ಟ, ಅದೇ ನಡೆದುಕೊಂಡು ಬಂತು. ಬರೆದಿಟ್ಟವನು ಪಿಂಚಣಿ ತಗೊಂಡು ಸುಖವಾಗಿದ್ದಾನೆ. ಅನುಭವಿಸುವವರು ಬೇರೆ.

ಆ ವರ್ಷ ಬೇಸಿಗೆ ಮುಗಿಯುವ ಮುಂಚೆ ದೂರದ ಬೆಟ್ಟಗಳಲ್ಲಿ ಎಲ್ಲೋ ಮಳೆ ಸುರಿದು, ಅಣೆಕಟ್ಟಿಗೆ ಒಮ್ಮೆಗೇ ನೀರು ನುಗ್ಗಿತು. ಇಲ್ಲಿ ಮಾತ್ರ ಆಕಾಶದಲ್ಲಿ ಒಂದು ಎಳೆ ಮೋಡವಿಲ್ಲ. ಊಟದ ಹೊತ್ತು ದಾಟಿದ ಮೇಲೆ ಫೋನು ಬಂತು. ಗೇಟು ತೆಗೀತಾರೆ, ಸೈರನ್ ಹಾಕು.

ಅವನು ಒತ್ತಿದ. ಮೂರು ಸಲ, ಉದ್ದುದ್ದ. ಕೋಣೆಯ ಗಾಜು ನಡುಗಿತು. ಕಿಟಕಿಗೆ ಹೋಗಿ ನೋಡಿದ. ಕಾದ ಮರಳಿನ ಮೇಲೆ ಗಾಳಿ ನೀರಿನಂತೆ ಅಲುಗುತ್ತಿತ್ತು. ಅದರ ಆಚೆ ಎರಡು ಕರಿ ಚುಕ್ಕೆಗಳು ಇದ್ದಲ್ಲೇ ಇದ್ದವು. ಒಂದು ಬಗ್ಗುತ್ತಿತ್ತು, ಏಳುತ್ತಿತ್ತು, ಬಗ್ಗುತ್ತಿತ್ತು. ಅತ್ತಿಗೆ ಬಟ್ಟೆ ಜಾಲಿಸುತ್ತಿದ್ದಾಳೆ.

ಮತ್ತೆ ಒತ್ತಿದ. ಚುಕ್ಕೆ ಬಗ್ಗಿತು, ಎದ್ದಿತು.

ಅಣ್ಣನ ಮೊಬೈಲಿಗೆ ಹಚ್ಚಿದ. ಅದು ಪ್ಲಾಸ್ಟಿಕ್ ಚೀಲದೊಳಗೆ, ದಡದ ಮರದ ಕೆಳಗೆ ನಿಂತ ಸೈಕಲ್ಲಿನ ಹ್ಯಾಂಡಲಿಗೆ ನೇತಾಡುತ್ತಿತ್ತು. ನೀರಲ್ಲಿ ಬಿದ್ದರೆ ಹಾಳಾಗುತ್ತದೆಂದು ದಿನಾ ಅಲ್ಲೇ ಇಡುವುದು. ಸೈಕಲ್ಲಿಗೆ ಫೋನು ಬಂದು ಏನು ಪ್ರಯೋಜನ.

ಗೇಟಿನ ಮೋಟಾರು ಮನೆಗೆ ಫೋನು ಮಾಡಿದ.

'ಸ್ವಲ್ಪ ತಡಿ ಮಾರಾಯ. ಹೊಳೇಲಿ ಜನ ಇದ್ದಾರೆ. ನಮ್ಮಣ್ಣ ಇದ್ದಾನೆ.'

'ಸೈರನ್ ಹಾಕಿದ್ಯಲ್ಲ, ಎದ್ದು ಹೋಗ್ತಾರೆ ಬಿಡು' ಎಂದ ಗೇಟಿನವನು.

'ಏಳ್ತಾ ಇಲ್ಲ ಕಣೋ.'

'ನನ್ನ ಕೈಲೇನಿದೆ ಹೇಳು. ಆರ್ಡರ್ ಆಗಿದೆ. ಮೋಟಾರು ಆನ್ ಮಾಡಾಯ್ತು.'

ಮಿಕ್ಕದ್ದನ್ನು ಅವನು ನಿಂತು ನೋಡಿದ. ನೋಡುವುದೊಂದೇ ಉಳಿದಿತ್ತು. ಗುಂಡಿಯ ಮೇಲೆ ಒಂದು ಕೈ, ಕಿಟಕಿಯ ಸರಳಿನ ಮೇಲೆ ಇನ್ನೊಂದು. ಸೈರನ್ ಅರಚುತ್ತಲೇ ಇತ್ತು, ಅದರ ಜೊತೆಗೆ ಇವನೂ ಅರಚುತ್ತಿದ್ದ. ಕಂದು ನೀರು ಬಂಡೆಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಯಿತು. ಬಿಳಿ ಚುಕ್ಕೆಗಳು ಸಾಲುಗಟ್ಟಿ ಎದ್ದು ತೇಲಿದವು. ಕರಿ ಚುಕ್ಕೆಗಳು ಆಗ ಓಡಿದವು. ಒಂದು ಬಿದ್ದಿತು. ಇನ್ನೊಂದು ಹಿಂದಕ್ಕೆ ಹೋಯಿತು.

ಇಬ್ಬರೂ ಬದುಕಿದರು. ಅತ್ತಿಗೆಯ ಬಲಗಾಲು ಎರಡು ಬಂಡೆಗಳ ನಡುವೆ ಸಿಕ್ಕಿ, ಎಳೆದುಕೊಳ್ಳುವಷ್ಟರಲ್ಲಿ ಮೊಣಕಾಲಿನ ಕೆಳಗೆ ನುಜ್ಜಾಗಿತ್ತು. ದಿನಾ ಯಾರ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳೋ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳನ್ನು ಮಲಗಿಸಿದರು.

ಕೂಗುಮಾರಿ ಓಡೋಡಿ ಹೋದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಮೈಮೇಲಿನ ಬಟ್ಟೆ ಇನ್ನೂ ಒದ್ದೆ.

'ನಿದ್ದೆ ಹೊಡೀತಿದ್ಯೇನೋ?'

'ಒತ್ತಿದೆ ಅಣ್ಣ. ಮೂರಲ್ಲ, ಬಿಡದೆ ಒತ್ತಿದೆ. ನಿಮ್ಮನ್ನ ನೋಡ್ಕೊಂಡೇ ಒತ್ತಿದೆ.'

'ಹಾಗಾದ್ರೆ ನಾನು ಕಿವುಡ. ನಿಮ್ಮತ್ತಿಗೆನೂ ಕಿವುಡಿ. ದಿನಾ ಬೆಳಿಗ್ಗೆ ಹೆಣ ಎದ್ದು ಕೂರೋ ಹಾಗೆ ಕೂಗುತ್ತಲ್ಲ, ಅದು ಇವತ್ತು ಎಲ್ಲಿ ಸತ್ತಿತ್ತು?'

'ಕೂಗಿತು ಅಣ್ಣ.'

'ನನ್ನ ಮುಂದೆ ಹೇಳ್ಬೇಡ ಆ ಮಾತು. ನೋಡ್ಕೊಂಡೇ ಒತ್ತಿದ್ನಂತೆ.'

ಅದೇ ಕೊನೆ. ಅಲ್ಲಿಂದ ಮುಂದೆ ಅಣ್ಣ ಮಾತು ಬಿಟ್ಟ. ಸಾಕಿ ಬೆಳೆಸಿದವನು ಎದುರಿಗೆ ಬಂದರೂ ಗೋಡೆ ನೋಡಿಕೊಂಡು ಹೋಗುವುದಿದೆಯಲ್ಲ, ಅದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು ಎಂದು ಕೂಗುಮಾರಿಗೆ ಅನ್ನಿಸುತ್ತಿತ್ತು. ಕೆಲಸ ಹೋಗುವುದೋ ಉಳಿಯುವುದೋ ಎಂಬ ಚಿಂತೆ ಅವನ ತಲೆಯಲ್ಲಿ ಇರಲಿಲ್ಲವೆಂದಲ್ಲ, ಅದು ಒಂದು ಮೂಲೆಯಲ್ಲಿತ್ತು. ಅಣ್ಣ ಒಂದು ಸಲ 'ಆಯ್ತು, ನೀನು ಒತ್ತಿದ್ದೆ' ಅಂದರೆ ಸಾಕಿತ್ತು. ಅಷ್ಟೇ ಬೇಕಾಗಿದ್ದದ್ದು. ಆದರೆ ಒತ್ತಿದ್ದಕ್ಕೆ ಏನು ಗುರುತಿದೆ? ಮಡಕೆ ಮಾಡಿದವನು ಮಡಕೆ ತೋರಿಸಬಹುದು. ಕೂಗಿಸಿದವನು ಏನು ತೋರಿಸುವುದು?

ವಿಚಾರಣೆ ನಡೆಯಿತು. ಹೊಳೆಯ ಕೆಳಗಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಕೇಳಿಸಲಿಲ್ಲ ಎಂದರು. ಗೇಟಿನವನನ್ನು ಕರೆದರು. ಇವನ ಜೊತೆ ಎಷ್ಟೋ ವರ್ಷ ಒಂದೇ ಲೋಟದಲ್ಲಿ ಅರ್ಧರ್ಧ ಚಹಾ ಕುಡಿದವನು ಅವನು.

'ಕೂಗಿತು ಸಾರ್' ಎಂದ. 'ಆದ್ರೆ ಗೇಟಿಗೆ ಮುಂಚೆನೋ ಆಮೇಲೋ, ಮೋಟಾರು ಸದ್ದಲ್ಲಿ ಹೇಗೆ ಹೇಳ್ಲಿ ಸಾರ್.'

ಫೋನಿನ ಮಾತು ನೆನಪು ಮಾಡಿದರೆ, 'ಏನೋ ಅಂದ ಸಾರ್, ಸರಿಯಾಗಿ ಕೇಳಿಸ್ಲಿಲ್ಲ' ಎಂದು ನೆಲ ನೋಡಿದ. ಅವನಿಗೂ ಕೆಲಸದ ಭಯ. ಇಂಥವನ ಕೆನ್ನೆಗೆ ಬಿಗಿಯಬೇಕು ಅನ್ನಿಸುತ್ತದೆ, ಬಿಗಿದರೆ ಏನು ಬಂತು.

ಸೈರನ್ ಕೆಟ್ಟಿದೆಯೋ ನೋಡೋಣ ಎಂದು ದೊಡ್ಡ ಸಾಹೇಬರು ಪರೀಕ್ಷೆ ಇಟ್ಟರು. ಯಾವಾಗ? ನಿಯಮದಲ್ಲಿ ಇರುವಂತೆ, ಬೆಳಿಗ್ಗೆ ಆರಕ್ಕೆ. ಹೊಳೆಯ ಪಾತ್ರದಲ್ಲಿ ಅಲ್ಲಲ್ಲಿ ಜನ ನಿಲ್ಲಿಸಿದರು. ತಣ್ಣಗಿನ ಬೆಳಗು. ಕೂಗುಮಾರಿ ಒತ್ತಿದ. ಎಲ್ಲ ಕಡೆಯಿಂದಲೂ ಕೇಳಿಸಿತು, ಕೇಳಿಸಿತು ಎಂದೇ ಫೋನು. ಅಣ್ಣನ ಬಂಡೆಗಳನ್ನು ದಾಟಿ, ಅದರ ಆಚೆಯ ಸೇತುವೆಯವರೆಗೂ ಕೇಳಿಸಿತ್ತು.

'ಸೈರನ್ ಗಟ್ಟಿಮುಟ್ಟಾಗಿದೆ' ಎಂದರು ಸಾಹೇಬರು. 'ಹಾಗಾದ್ರೆ ಕೆಟ್ಟಿರೋದು ಯಾವುದು?' ಎಂದು ಇವನ ಮುಖ ನೋಡಿದರು.

ಅವನಿಗೆ ಮೈಯೆಲ್ಲ ಉರಿಯಿತು. ತಾನು ಒತ್ತಿದ್ದು ತನಗೆ ಗೊತ್ತು. ಕೇಳಿಸಲಿಲ್ಲ ಎಂದ ಅಣ್ಣ ಸುಳ್ಳು ಹೇಳುವವನಲ್ಲ ಎಂಬುದೂ ಗೊತ್ತು. ಸೈರನ್ ಕೆಟ್ಟಿಲ್ಲವೆಂಬುದು ಈಗ ಊರಿಗೇ ಗೊತ್ತು. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಅವನ ತಲೆ ಚಿಟ್ಟು ಹಿಡಿದುಹೋಯಿತು.

ಅತ್ತಿಗೆಯ ಹಾಸಿಗೆ ಪಕ್ಕ ಕೂತು ಹೇಳಿಕೊಂಡ. ಅಣ್ಣ ಇಲ್ಲದ ಹೊತ್ತು ನೋಡಿಯೇ ಅವನು ಹೋಗುತ್ತಿದ್ದದ್ದು.

'ನೀನು ಒತ್ತಿದ್ದೀಯ ಬಿಡು' ಎಂದಳು ಅತ್ತಿಗೆ. 'ಚಿಕ್ಕವನಿದ್ದಾಗ ಒಂದು ಬೆಲ್ಲದ ಚೂರು ಕದ್ರೂ ಮುಖದಲ್ಲೇ ಗೊತ್ತಾಗ್ತಿತ್ತು. ಆ ಮುಖ ಹಾಗೇ ಇದೆ, ಮೀಸೆ ಬಂದಿದೆ ಅಷ್ಟೇ.'

'ಮತ್ತೆ ನಿನಗೆ ಕೇಳಿಸ್ತಾ?'

'ಇಲ್ಲ ಕಣಪ್ಪ.'

'ಮತ್ತೆ ಹೇಗತ್ತಿಗೆ?'

'ನನ್ನ ಕೇಳ್ತೀಯಲ್ಲ. ನಾನೇನು ಇಂಜಿನಿಯರಾ? ಕಾಲು ಸ್ವಲ್ಪ ಈ ಕಡೆ ಎತ್ತಿಡು.'

ಇಂಜಿನಿಯರು ಒಬ್ಬಳಿದ್ದಳು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ, ಎಲ್ಲರೂ ಮೇಡಂ ಎನ್ನುತ್ತಿದ್ದರು. ವಿಚಾರಣೆಯ ದಿನವೆಲ್ಲ ಗೋಡೆ ಪಕ್ಕ ಕೂತು ಕೇಳಿಸಿಕೊಂಡವಳು, ಒಂದು ದಿನ ತಾನಾಗಿಯೇ ಸೈರನ್ ಕೋಣೆಗೆ ಹತ್ತಿ ಬಂದಳು.

'ಅವತ್ತು ಬಿಸಿಲು ಹೇಗಿತ್ತು?' ಎಂದು ಕೇಳಿದಳು.

'ಬೆಂಕಿ ಮೇಡಂ. ಮರಳ ಮೇಲೆ ಕಾಲಿಡೋ ಹಾಗಿರ್ಲಿಲ್ಲ.'

'ಹಾಗಾದ್ರೆ ನೀವು ಒತ್ತಿದ್ದೀರಿ, ಅವರಿಗೆ ಕೇಳಿಸೂ ಇಲ್ಲ. ಎರಡೂ ನಿಜ.'

ಅವನು ಕುರ್ಚಿ ಬಿಟ್ಟು ಎದ್ದು ನಿಂತ. ಅಷ್ಟು ದಿನಗಳಲ್ಲಿ ಎರಡೂ ನಿಜ ಎಂದ ಮೊದಲ ವಿದ್ಯಾವಂತೆ ಅವಳು.

'ಶಬ್ದ ಬಿಸಿ ಗಾಳೀಲಿ ಬೇಗ ಓಡುತ್ತೆ, ತಣ್ಣನೆ ಗಾಳೀಲಿ ನಿಧಾನ' ಎಂದಳು ಮೇಡಂ. 'ಮಧ್ಯಾಹ್ನ ಮರಳು ಕಾದು ನೆಲದ ಹತ್ರದ ಗಾಳಿ ಬಿಸಿ, ಮೇಲಿಂದು ತಂಪು. ಶಬ್ದದ ಕೆಳಗಿನ ಅಂಚು ಮುಂದೆ ಓಡುತ್ತೆ, ಮೇಲಿನ ಅಂಚು ಹಿಂದೆ ಬೀಳುತ್ತೆ. ಆಗ ಇಡೀ ಶಬ್ದ ಮೇಲಕ್ಕೆ ತಿರುಗಿಬಿಡುತ್ತೆ. ಕೆಳಗಿದ್ದೋರ ತಲೆ ಮೇಲೆ ಹಾದುಹೋಗುತ್ತೆ. ಬೆಳಿಗ್ಗೆ ಎಲ್ಲ ಉಲ್ಟಾ. ನೆಲದ ಹತ್ರ ಚಳಿ, ಮೇಲೆ ಬೆಚ್ಚಗೆ. ಶಬ್ದ ಕೆಳಕ್ಕೆ ಬಾಗಿ ನೆಲಕ್ಕೆ ಅಂಟ್ಕೊಂಡು ದೂರ ಹೋಗುತ್ತೆ. ಅದಕ್ಕೇ ಸೇತುವೆ ತನಕ ಕೇಳಿಸಿದ್ದು.'

ಅವನಿಗೆ ಅರ್ಧ ತಿಳಿಯಿತು. ಆಮೇಲೆ ಏನೋ ಹೊಳೆದಂತಾಗಿ ಕೇಳಿದ.

'ಮೇಡಂ, ಇಬ್ರು ಒಂದು ಉದ್ದನೆ ಬಟ್ಟೆ ಅಗಲವಾಗಿ ಹಿಡ್ಕೊಂಡು ಮುಂದೆ ನಡೀತಾರೆ ಅನ್ಕೊಳ್ಳಿ. ಒಬ್ಬ ಜೋರು ಹೆಜ್ಜೆ, ಒಬ್ಬ ನಿಧಾನ. ಬಟ್ಟೆ ನಿಧಾನ ಇರೋನ ಕಡೆಗೆ ತಿರುಗುತ್ತೆ. ಹಾಗಾ?'

'ಹಾಗೇ. ಮೇಲಿರೋನು ನಿಧಾನ.'

'ಇದನ್ನ ಸಾಹೇಬ್ರಿಗೆ ಹೇಳಿ ಮೇಡಂ.'

'ಹೇಳಿದ್ದೀನಿ' ಎಂದಳು ಅವಳು. ಅವಳ ದನಿ ಅಷ್ಟೇನೂ ಗಟ್ಟಿಯಿರಲಿಲ್ಲ. 'ಪುಸ್ತಕದ ಮಾತು ಬೇಡ, ಮಧ್ಯಾಹ್ನ ಒಂದು ಪರೀಕ್ಷೆ ಮಾಡೋಣ ಅಂದ್ರು. ಕೇಂದ್ರ ಕಚೇರಿಯವರು ಬಂದ ದಿನ, ಅವರ ಎದುರಿಗೆ.'

ಅದೇ ಸಂಜೆ ಅವನು ಅಣ್ಣನ ಮನೆಗೆ ಹೋದ. ಅತ್ತಿಗೆಯನ್ನು ಮನೆಗೆ ತಂದಿದ್ದರು. ಅಣ್ಣ ಗೋಡೆ ಕಡೆ ತಿರುಗಿ ಕೂತಿದ್ದ. ಇವನು ಅತ್ತಿಗೆಗೆ ಹೇಳುವಂತೆ ಗಾಳಿ, ಬಿಸಿ, ತಂಪು ಎಲ್ಲ ಹೇಳಿದ. ಬಟ್ಟೆ ಹಿಡಿದು ನಡೆಯುವುದನ್ನೂ ಹೇಳಿದ.

ಅಣ್ಣನೂ ಅವಳಿಗೇ ಉತ್ತರ ಕೊಟ್ಟ. 'ಬಟ್ಟೆ ವಿಷ್ಯ ನನಗೆ ಹೇಳ್ಕೊಡೋಕೆ ಬಂದಿದ್ದಾನೆ ನೋಡೇ. ಒಂದು ದಿನ ನೆಟ್ಟಗೆ ಒಗ್ದೋನಲ್ಲ.'

'ಅವನು ಹೇಳೋದು ಕೇಳಿ ಸ್ವಲ್ಪ' ಎಂದಳು ಅತ್ತಿಗೆ.

'ಏನು ಕೇಳೋದು? ಶಬ್ದ ಬಾಗುತ್ತಂತೆ, ಮೇಲೆ ಹೋಗುತ್ತಂತೆ. ನಿನ್ನ ಕಾಲು ಮುರಿಯೋಕೆ ಬಂದ ನೀರು ಮಾತ್ರ ನೆಟ್ಟಗೇ ಬಂತು.'

ಒಲೆಯ ಮೇಲಿನ ನೀರು ಕುದಿದು ಮುಚ್ಚಳ ಕುಣಿಯುತ್ತಿತ್ತು. ಅಣ್ಣ ಎದ್ದು ಇಳಿಸಿದ. ಆಮೇಲೆ ಒಲೆಗೆ ಹೇಳುವವನಂತೆ ಹೇಳಿದ.

'ಪರೀಕ್ಷೆ ದಿನ ಬಂಡೆ ಹತ್ರ ನಾನೇ ನಿಲ್ತೀನಿ. ಕೇಳಿಸಿದ್ರೆ ಬಿಳಿ ಬಟ್ಟೆ ಎತ್ತಿ ಬೀಸ್ತೀನಿ. ಕೇಳಿಸ್ದೆ ಇದ್ರೆ ಇಲ್ಲ. ತಮ್ಮ ಅಂತ ಬೀಸ್ದೆ ಇರಲ್ಲ, ಸಿಟ್ಟು ಅಂತ ಸುಳ್ಳು ಬೀಸೋದೂ ಇಲ್ಲ. ಕೇಳಿಸ್ದೆ ಹೋದ್ರೆ ಇವನ ಮಾತು ಒಪ್ಕೋತೀನಿ.'

ಅಷ್ಟು ಸಾಕಾಗಿತ್ತು. ಅವತ್ತು ಮನೆಗೆ ಹೋದವನು ಹೆಂಡತಿ ಬಡಿಸಿದ್ದನ್ನೆಲ್ಲ ಉಂಡ. ಆಮೇಲಿನ ದಿನಗಳಲ್ಲಿ ಅವನಷ್ಟು ಬಿಸಿಲನ್ನು ಪ್ರೀತಿಸಿದವರು ಯಾರೂ ಇರಲಿಕ್ಕಿಲ್ಲ. ಊರೆಲ್ಲ ಉಸ್ಸಪ್ಪ ಎಂದು ಬೀಸಣಿಗೆ ಹಿಡಿದು ಕೂತಿದ್ದರೆ ಇವನು ಅಂಗಳದಲ್ಲಿ ನಿಂತು, ಬೋಳು ಆಕಾಶ ನೋಡಿ, ಕಾಯಲಿ ಇನ್ನೂ ಕಾಯಲಿ ಎನ್ನುತ್ತಿದ್ದ. ಇಡೀ ಬದುಕು ತನ್ನ ಕೂಗು ಎಲ್ಲರಿಗೂ ಕೇಳಲಿ ಎಂದು ಹಂಬಲಿಸಿದವನು ಈಗ ಒಂದೇ ಒಂದು ಸಲ, ಒಬ್ಬನಿಗೆ, ಕೇಳದೆ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಇತ್ತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಣೆಕಟ್ಟಿನ ಹಿಂದಿನಿಂದ ಮೋಡ ಎದ್ದಿತು. ನೋಡುತ್ತ ನೋಡುತ್ತ ಆಕಾಶವೆಲ್ಲ ಬೂದಿ ಬಳಿದಂತಾಯಿತು. ತಣ್ಣನೆ ಗಾಳಿ ಬೀಸಿತು, ಅದೂ ಅಣೆಕಟ್ಟಿನ ಕಡೆಯಿಂದ ಕೆಳಕ್ಕೆ, ಕೂಗನ್ನು ಹೊತ್ತುಕೊಂಡು ಹೋಗುವುದಕ್ಕೆ ಬಂದಂತೆ. ಮರಳಿನ ಮೇಲೆ ಅಲುಗುತ್ತಿದ್ದ ಗಾಳಿ ನಿಂತುಹೋಗಿ, ದೂರದ ಬಂಡೆಗಳು ತೊಳೆದಿಟ್ಟಂತೆ ಸ್ಪಷ್ಟವಾಗಿ ಕಂಡವು.

ಅವನು ಸಾಹೇಬರ ಮುಂದೆ ಕೈಮುಗಿದು ನಿಂತ. 'ಇವತ್ತು ಬೇಡ ಸಾರ್. ಬಿಸಿಲಿಲ್ಲ. ಬಿಸಿಲು ಬಂದ ದಿನ ಮಾಡೋಣ.'

'ಬಿಸಿಲಿಗೆ ಕಾಯೋಕೆ ನಾವೇನು ಬಟ್ಟೆ ಒಣಗಿಸ್ತೀವೇನಯ್ಯ?' ಎಂದರು ಸಾಹೇಬರು. ಕೇಂದ್ರ ಕಚೇರಿಯಿಂದ ಬಂದವರು ನಕ್ಕರು. ಇವನ ಮನೆತನದ ಕಸುಬು ಅವರಿಗೆ ಗೊತ್ತಿತ್ತೋ ಇಲ್ಲವೋ, ಸಾಹೇಬರಿಗಂತೂ ಗೊತ್ತಿತ್ತು.

ಮೇಡಂ ಮುಂದೆ ಬಂದಳು. 'ಸಾರ್, ಅವರು ಹೇಳೋದು ಸರಿ. ನೆಲ ತಣ್ಣಗಾಗಿದೆ, ಗಾಳಿ ಬೇರೆ ಆ ಕಡೆಗೇ ಇದೆ. ಈ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ.'

'ನೀವೇ ಅಲ್ವೇನಮ್ಮ ಮಧ್ಯಾಹ್ನ ಮಾಡಿ ಅಂದಿದ್ದು? ಇದು ಮಧ್ಯಾಹ್ನ ತಾನೇ? ಇವರು ಸಂಜೆ ರೈಲಿಗೆ ಹೋಗ್ಬೇಕು. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವಾ?'

ಅವಳು ಕೂಗುಮಾರಿಯ ಮುಖ ನೋಡಲಾರದೆ ಕಿಟಕಿಯ ಹೊರಗೆ ನೋಡಿದಳು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಗೊತ್ತಿದ್ದೂ ಏನೂ ಮಾಡಲಾಗದೆ ನಿಲ್ಲುವುದು ಹೇಗಿರುತ್ತದೆಂದು ಅದೇ ಕಿಟಕಿಯ ಬಳಿ ಅವನು ಕಲಿತಿದ್ದ.

'ಹೂಂ, ಒತ್ತು' ಎಂದರು ಸಾಹೇಬರು.

ಗುಂಡಿಯ ಮೇಲೆ ಬೆರಳಿಟ್ಟ. ಅರ್ಧ ಒತ್ತಿ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಸೈರನ್ ಪೂರ್ತಿ ದನಿ ಎತ್ತುವ ಮುಂಚೆ ಬಿಟ್ಟರೆ ಅದು ಗೊರಗೊರ ಎಂದು ಅಲ್ಲೇ ಇಳಿದುಹೋಗುತ್ತದೆ. ಆದರೆ ಕೆಳಗೆ ಅಣ್ಣ ಸುಳ್ಳು ಬೀಸುವುದಿಲ್ಲವೆಂದು ನಿಂತಿದ್ದ. ಅಂಥವನಿಗೆ ಸುಳ್ಳು ಕೂಗುವುದು ಹೇಗೆ? ಅವನು ಗೋಡೆಗೆ ಒರಗಿ ಪೂರ್ತಿ ಒತ್ತಿದ, ಆ ದಿನ ಒತ್ತಿದಂತೆಯೇ.

ಕಿಟಕಿಯ ಆಚೆ ಕರಿ ಚುಕ್ಕೆ ಅಲ್ಲಾಡದೆ ನಿಂತಿತ್ತು. ಕೇಳಿಸಿಲ್ಲ, ಎಂದುಕೊಂಡ. ಅಣ್ಣ, ಕೇಳಿಸಿಲ್ಲ ಅಲ್ವಾ.

ಬಿಳಿ ಬಟ್ಟೆ ಮೇಲೆದ್ದಿತು. ಗಾಳಿಗೆ ಪಟಪಟ ಹೊಡೆದುಕೊಳ್ಳುವುದು ಇಲ್ಲಿಗೂ ಕಾಣುತ್ತಿತ್ತು. ಎರಡನೆಯ ಸಲ ಒತ್ತಿದಾಗಲೂ ಎದ್ದಿತು, ಮೂರನೆಯ ಸಲವೂ ಎದ್ದಿತು.

'ಸಾಕಲ್ವಾ' ಎಂದರು ಸಾಹೇಬರು ಬಂದವರ ಕಡೆ ತಿರುಗಿ. ಎಲ್ಲರೂ ಮೆಟ್ಟಿಲಿಳಿದು ಹೋದರು. ಮೇಡಂ ಕೊನೆಗೆ ಇಳಿದಳು. ಕೋಣೆಯ ಕೀಲಿಯನ್ನು ಸಾಹೇಬರ ಜವಾನ ಕೇಳಿ ತೆಗೆದುಕೊಂಡ.

ಅಣ್ಣ ಹೊಳೆಯಿಂದ ನೇರ ಅಣೆಕಟ್ಟಿಗೇ ಬಂದ. ಕೂಗುಮಾರಿ ಮುಚ್ಚಿದ ಕೋಣೆಯ ಹೊರಗೆ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ಅಣ್ಣ ಎರಡು ಮೆಟ್ಟಿಲು ಕೆಳಗೆ ನಿಂತು, ಏದುಸಿರು ಬಿಟ್ಟುಕೊಂಡು ಅವನನ್ನೇ ನೋಡಿದ. ಗೋಡೆಯನ್ನಲ್ಲ.

'ಕೇಳಿಸ್ತು ಕಣೋ' ಎಂದ. 'ಕೇಳಿಸ್ದೆ ಇರ್ಲಿ ಅಂತ ನಾನೂ ನಿಂತಿದ್ದೆ. ಕೇಳಿಸಿಬಿಡ್ತು. ನಾನೇನ್ ಮಾಡ್ಲಿ?'

'ಮೋಡ ಅಣ್ಣ' ಎಂದ ಅವನು. 'ಇವತ್ತು ಮೋಡ.'

'ನನಗೆ ಮೋಡ ಗೊತ್ತಿಲ್ಲ. ಅವತ್ತು ಕೇಳಿಸ್ಲಿಲ್ಲ, ಇವತ್ತು ಕೇಳಿಸ್ತು. ಅಷ್ಟೇ ಗೊತ್ತಿರೋದು ನನಗೆ.'

ಅವನು ಮತ್ತೇನಾದರೂ ಹೇಳುತ್ತಾನೇನೋ ಎಂದು ಅಣ್ಣ ಸ್ವಲ್ಪ ಹೊತ್ತು ಕಾದ. ಹೇಳಬೇಕೆಂದರೆ ಬಿಸಿಲು ಬರಬೇಕಿತ್ತು. ಮಳೆಗಾಲ ಶುರುವಾಗುವುದರಲ್ಲಿತ್ತು, ಇನ್ನು ಅಂಥ ಬಿಸಿಲಿಗೆ ಬರುವ ವರ್ಷದವರೆಗೆ ಕಾಯಬೇಕು, ಆಗ ಈ ಕೋಣೆಯ ಕೀಲಿ ಯಾರ ಸೊಂಟದಲ್ಲಿರುತ್ತದೋ. ದಪ್ಪ ಹನಿಗಳು ಮೆಟ್ಟಿಲ ಮೇಲೆ ಬೀಳತೊಡಗಿದವು. ಅಣ್ಣ ತಿರುಗಿ ಇಳಿಯತೊಡಗಿದ. ಕೂಗುಮಾರಿ ಅಣ್ಣ ಎಂದು ಕರೆದ. ದನಿ ಎಷ್ಟು ಸಣ್ಣಗೆ ಬಂತೆಂದರೆ, ಪಕ್ಕದಲ್ಲಿ ಇದ್ದವರಿಗೂ ಅದು ಕೇಳುತ್ತಿರಲಿಲ್ಲ.